ಗಾಲಿಯ ಮೇಲಣ ಮನೆಗೆ ತಂಪು

ನಿಂತ ಮನೆಗೆ ಬೇಸಗೆಯನ್ನು ಎದುರಿಸಲು ಅನೇಕ ಉಪಾಯಗಳುಂಟು. ಗೋಡೆ ಮೊಳದಷ್ಟು ದಪ್ಪವಾಗಿರಬಹುದು. ಮಾಡಿನ ಕೆಳಗೆ ಅಟ್ಟವಿರಬಹುದು. ಸುತ್ತಲೂ ಜಗಲಿ, ಅಂಗಳದಲ್ಲಿ ಬೇವಿನ ಮರ, ಹಿತ್ತಿಲಲ್ಲಿ ಬಾವಿ ಇರಬಹುದು. ನಡೆಯುವ ಮನೆಗೆ ಇವಾವುವೂ ಇಲ್ಲ. ಎಳೆಯುವ ಕುದುರೆಗಾಗಲಿ ಮೋಟಾರಿಗಾಗಲಿ ಭಾರವಾಗಬಾರದೆಂದು ಅದರ ಗೋಡೆಯನ್ನು ಎರಡು ಬೆರಳಿನಷ್ಟು ತೆಳುವಾಗಿಯೂ, ಮಾಡನ್ನು ತಲೆಗೆ ತಗಲುವಷ್ಟು ತಗ್ಗಾಗಿಯೂ ಕಟ್ಟಬೇಕಾಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮೋಟಾರಿನ ಹಿಂದೆ ಕಟ್ಟಿಕೊಂಡು ಹೋಗುವ ಇಂತಹ ಮನೆಗೆ ಟ್ರೈಲರು ಎಂದು ಹೆಸರು. ಅಡಿಗೆಯ ಒಲೆ, ಮಲಗುವ ಮಂಚ, ನೀರಿನ ತೊಟ್ಟಿ, ಶೌಚದ ಏರ್ಪಾಡು ಎಲ್ಲವೂ ಅದರೊಳಗೆ ಅಡಕವಾಗಿರುತ್ತವೆ. ಇಷ್ಟೆಲ್ಲ ಇದ್ದೂ ಆ ದೇಶದ ನೈಋತ್ಯ ಭಾಗದ ಮರುಭೂಮಿಯಲ್ಲಿ ಬೇಸಗೆಯ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕುಳಿತರೆ, ಅದು ಮನೆಯಲ್ಲ, ಒಲೆಯ ಮೇಲಿಟ್ಟ ಡಬರಿ.

ಆದುದರಿಂದಲೇ ಅಲ್ಲಿ ಟ್ರೈಲರಿನ ಮಾಡಿನ ಮೇಲೆ ಗಾಳಿಯನ್ನು ತಂಪುಮಾಡುವ ಯಂತ್ರವನ್ನು ಕೂರಿಸುವುದು ವಾಡಿಕೆಯಾಗಿದೆ. ಈಚೆಗೆ ಒಂದು ಸಾಲದೆಂದು ಎರಡನೆಯದನ್ನೂ ಕೂರಿಸುತ್ತಾರೆ. ದೂರದಿಂದ ನೋಡುವವರು ಇದನ್ನು ಭೋಗಲಾಲಸೆಯೆಂದು ಹಳಿಯುವುದುಂಟು. ಹಳಿಯುವುದಕ್ಕೆ ಮುಂಚೆ ಹಿಂದಿನ ಚರಿತ್ರೆಯನ್ನು ಸ್ವಲ್ಪ ಅರಿತಿರುವುದು ಯುಕ್ತ. ಪ್ರಯಾಣಿಕನಿಗೆ ತಂಪನ್ನು ಒದಗಿಸುವ ಯತ್ನಗಳನ್ನೆಲ್ಲ ನೋಡಿದರೆ, ತಂಪನ್ನು ಹುಟ್ಟಿಸುವ ವಿದ್ಯೆ ಎಂದೂ ಅಷ್ಟು ದುರ್ಲಭವಾಗಿರಲಿಲ್ಲವೆಂದು ತೋರುತ್ತದೆ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಹೊತ್ತುಕೊಂಡು ನಡೆಯುವುದೇ ಪ್ರತಿ ಕಾಲದಲ್ಲಿಯೂ ತೊಡಕಾಗಿತ್ತು.

ಈ ವಿದ್ಯೆಯ ಹಳೆಯ ರೂಪವೊಂದು ನಮ್ಮ ದೇಶದಲ್ಲಿಯೇ ಇದೆ. ಸಂಸ್ಕೃತದಲ್ಲಿ ಉಶೀರವೆಂದೂ ಕನ್ನಡದಲ್ಲಿ ಲಾವಂಚವೆಂದೂ ಹೆಸರುಳ್ಳ ಹುಲ್ಲಿನ ಬೇರು ತಾಪಶಮನಕ್ಕೆ ಪ್ರಸಿದ್ಧವಾದುದು. ಕಾಳಿದಾಸನ ಶಾಕುಂತಲ ನಾಟಕದ ಮೂರನೆಯ ಅಂಕದ ಮೊದಲಲ್ಲಿಯೇ ಶಕುಂತಲೆಗಾಗಿ ಪ್ರಿಯಂವದೆ ಉಶೀರದ ಲೇಪವನ್ನು ಒಯ್ಯುತ್ತಿರುವಳೆಂಬ ಪ್ರಸ್ತಾಪ ಬರುತ್ತದೆ. ಆಕೆಯ ತಾಪಕ್ಕೆ ಬಿಸಿಲೇ ಕಾರಣವೆಂದು ಆಶ್ರಮದವರು ನಂಬಿದ್ದರು. ನಿಜವಾದ ಕಾರಣವನ್ನು ವಾಚಕರು ಬಲ್ಲರು, ಅದಕ್ಕೆ ಲಾವಂಚದಿಂದ ಉಪಶಮನವಿಲ್ಲ. ಅದೇ ಬೇರನ್ನು ಹೆಣೆದು ತಡಿಕೆಮಾಡಿ, ಬಾಗಿಲಿಗೂ ಕಿಟಕಿಗೂ ಕಟ್ಟಿ, ಮೇಲಿಂದ ಮೇಲೆ ನೀರು ಚಿಮುಕಿಸುತ್ತಿದ್ದರೆ, ಹೊರಗಿನ ಬಿಸಿಗಾಳಿ ಒದ್ದೆಯಾದ ಬೇರುಗಳ ಸಂದಿನಿಂದ ನುಸುಳುವಾಗ ತಣ್ಣಗಾಗಿ ಸುವಾಸನೆಯೊಡನೆ ಒಳಗೆ ಬರುತ್ತದೆ. ಮಣ್ಣಿನ ಹೂಜಿಯಲ್ಲಿಟ್ಟ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ನೀರು ಆವಿಯಾಗಿ ಹೋಗುವಾಗ ತನಗೆ ಬೇಕಾದ ಶಾಖವನ್ನು ಸುತ್ತಲಿನಿಂದ ಸೆಳೆದುಕೊಳ್ಳುತ್ತದೆ; ಶಾಖವನ್ನು ಕಳೆದುಕೊಂಡದ್ದು ತಂಪಾಗುತ್ತದೆ. ಈ ಉಪಾಯ ಒಣಹವೆಯಲ್ಲಿ ಮಾತ್ರ ಫಲಿಸುತ್ತದೆಂಬುದನ್ನು ನೆನಪಿಡಬೇಕು. ರಾಯಚೂರಿನ ವೈಶಾಖದಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ; ಮಂಗಳೂರಿನಲ್ಲಿ ಅದೇ ಹೂಜಿ ಅಷ್ಟು ಕೆಲಸಮಾಡದು, ಅಲ್ಲಿಯ ಗಾಳಿ ಮೊದಲೇ ನೀರುಂಡು ತೃಪ್ತವಾಗಿರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂದೂಸ್ಥಾನದಲ್ಲಿದ್ದ ಆಂಗ್ಲರು ಈ ತಡಿಕೆಯನ್ನು ದೊಡ್ಡದೊಂದು ಮರದ ಪೆಟ್ಟಿಗೆಗೆ ಅಳವಡಿಸಿ, ಒಳಗೆ ಬೀಸಣಿಗೆಯ ಚಕ್ರವಿಟ್ಟು, ಕೂಲಿಯವನ ಕೈಯಿಂದ ತಿರುಗಿಸಿ ಮನೆಯೊಳಕ್ಕೆ ಗಾಳಿಯನ್ನು ಊದಿಸುತ್ತಿದ್ದರು. ಈ ಪೆಟ್ಟಿಗೆಗೆ ‘ಥರ್ಮಾಂಟಿಡೋಟ್’ ಎಂಬ ಗ್ರೀಕ್ ಮೂಲದ ಬಿರುದು. ಉಷ್ಣವಿಷಕ್ಕೆ ಪ್ರತಿವಿಷವೆಂದು ಅದರ ಅರ್ಥ. ಒಳಗಿದ್ದವರಿಗೆ ಪ್ರತಿವಿಷ ದೊರೆಯಿತು. ಚಕ್ರ ತಿರುಗಿಸುವವನು ಬಿಸಿಲಿನಲ್ಲಿ ಹೊರಗೇ ನಿಂತಿದ್ದನು.

ರೈಲುಬಂಡಿ ಬಂದ ತರುವಾಯ ತಡಿಕೆಯೂ ಬಂಡಿಯನ್ನು ಏರಿತು. ೧೮೭೦ರ ದಶಕದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮೊದಲನೆಯ ತರಗತಿಯ ಡಬ್ಬಿಗಳಲ್ಲಿ ನೀರಿನಿಂದ ಗಾಳಿಯನ್ನು ತಣಿಸುವ ಏರ್ಪಾಡನ್ನು ಮಾಡಿದ್ದರು. ಬಂಡಿಯ ಓಟವೇ ಗಾಳಿಯನ್ನು ಒಳಕ್ಕೆ ನೂಕುತ್ತಿದ್ದುದರಿಂದ ಚಕ್ರ ತಿರುಗಿಸುವ ಕೂಲಿಯವನು ಬೇಡವಾದನು. ಆದರೆ ನಿಲ್ದಾಣದಲ್ಲಿ ಬಂಡಿ ನಿಂತೊಡನೆ ಗಾಳಿಯೂ ನಿಲ್ಲುತ್ತಿತ್ತು, ತಂಪೂ ನಿಲ್ಲುತ್ತಿತ್ತು.

ಇನ್ನೊಂದು ಉಪಾಯ ಮಂಜುಗಡ್ಡೆ. ಬಾಸ್ಟನ್ ಪಟ್ಟಣದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ೧೮೩೩ರಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ ಸುಮಾರು ೧೮೦ ಟನ್ನು ಮಂಜುಗಡ್ಡೆಯನ್ನು ತುಂಬಿಸಿ ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳ ಕಡಲಯಾನದ ಅನಂತರ ಅದರಲ್ಲಿ ಸುಮಾರು ೧೦೦ ಟನ್ನು ಕರಗದೆ ಉಳಿದಿತ್ತು. ಅಮೆರಿಕದ ಕೆರೆಗಳ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಭೂಮಂಡಲದ ಅರ್ಧವನ್ನು ಸುತ್ತಿ, ವಂಗದೇಶದ ಪಾನಪಾತ್ರೆಯೊಳಕ್ಕೆ ಬಂದುದು ಆ ಕಾಲದ ವಿಸ್ಮಯಗಳಲ್ಲೊಂದು. ಮದರಾಸಿನಲ್ಲಿ ಆ ಗಡ್ಡೆಯನ್ನು ಇಡಲು ಕಟ್ಟಿಸಿದ ಕಟ್ಟಡ ಸಮುದ್ರದ ದಂಡೆಯಲ್ಲಿ ಈಗಲೂ ನಿಂತಿದೆ. ವಿವೇಕಾನಂದರು ೧೮೯೭ರಲ್ಲಿ ಅಲ್ಲಿ ತಂಗಿದ್ದುದರಿಂದ ಅದಕ್ಕೆ ಅವರ ಹೆಸರು ಬಂದಿದೆ. ಮುಂದೆ ಯಂತ್ರಗಳಿಂದಲೇ ಮಂಜುಗಡ್ಡೆಯನ್ನು ಮಾಡತೊಡಗಿದ ಮೇಲೆ ಅದು ಊರೂರಿನಲ್ಲಿಯೂ ಸಿಕ್ಕುವಂತಾಯಿತು. ಅನುಕೂಲಸ್ಥರಾದ ರೈಲು ಪ್ರಯಾಣಿಕರು ತಗಡಿನ ತೊಟ್ಟಿಯಲ್ಲಿ ಒಂದು ಗಡ್ಡೆಯನ್ನು ಇಡಿಸಿಕೊಂಡು, ಅದರ ಮೇಲೆ ಬೀಸಣಿಗೆಯ ಗಾಳಿ ಹಾಯುವಂತೆ ಮಾಡಿಕೊಳ್ಳುತ್ತಿದ್ದರು. ಮುಂಬಯಿಯಿಂದ ಪೇಶಾವರಕ್ಕೆ ಓಡುತ್ತಿದ್ದ ಫ್ರಾಂಟಿಯರ್ ಮೇಲ್ ಎಂಬ ಬಂಡಿಯಲ್ಲಿ ೧೯೩೪ರಲ್ಲಿ ಈ ಉಪಾಯವನ್ನೇ ಕ್ರಮಪಡಿಸಿದರು. ಡಬ್ಬಿಯ ನೆಲದ ಕೆಳಗೆ ಪೆಟ್ಟಿಗೆಗಳಲ್ಲಿ ಗಡ್ಡೆಗಳನ್ನು ತುಂಬಿ, ಅವುಗಳ ಮೇಲಿಂದ ಗಾಳಿಯನ್ನು ಊದಿ ಒಳಕ್ಕೆ ಬಿಡುತ್ತಿದ್ದರು. ದಾರಿಯ ನಿಲ್ದಾಣಗಳಲ್ಲಿ ಕರಗಿದುದನ್ನು ಚೆಲ್ಲಿ ಹೊಸದನ್ನು ತುಂಬುತ್ತಿದ್ದರು. ಅದೇ ಬಂಡಿಯ ಮೂರನೆಯ ತರಗತಿಯವರಿಗೆ ಬೀಸಣಿಗೆ ಕೂಡ ಇರಲಿಲ್ಲವೆಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ಚರಿತ್ರೆ ಅಪೂರ್ಣವಾಗುತ್ತದೆ.

ಮಂಜುಗಡ್ಡೆಯಿಂದ ತಂಪು ಪಡೆಯುವುದಕ್ಕೆ ಎಷ್ಟು ಭಾರ ಬೇಕೆಂಬುದರ ಲೆಕ್ಕ ಸ್ವಾರಸ್ಯವಾದುದು. ಇಂದಿಗೂ ಶೈತ್ಯಯಂತ್ರಗಳ ಶಕ್ತಿಯನ್ನು ‘ಟನ್ನು’ಗಳಲ್ಲಿ ಹೇಳುತ್ತಾರಷ್ಟೆ. ಅಂಗಡಿಯಲ್ಲಿ ಒಂದು ಟನ್ನಿನ ಯಂತ್ರವೆಂದು ಕೇಳಿದವರು ಅದು ಯಂತ್ರದ ತೂಕವೆಂದು ಭ್ರಮಿಸುವುದುಂಟು. ಒಂದು ಅಮೆರಿಕನ್ ಟನ್ನು, ಎಂದರೆ ಸುಮಾರು ೯೦೭ ಕಿಲೋಗ್ರಾಂ ಮಂಜುಗಡ್ಡೆ, ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟನ್ನು ಅಷ್ಟೇ ಹೊತ್ತಿನಲ್ಲಿ ಹೀರುವ ಯಂತ್ರ ಒಂದು ಟನ್ನಿನದು. ಬ್ರಿಟಿಷ್ ಉಷ್ಣಮಾನದಲ್ಲಿ ಅದು ಗಂಟೆಗೆ ೧೨,೦೦೦. ಎಂದ ಮೇಲೆ ಚಿಕ್ಕ ಕೋಣೆಯೊಂದನ್ನು ಗಡ್ಡೆಯಿಂದ ತಣಿಸಬೇಕಾದರೆ ಗಂಟೆಗೆ ಸುಮಾರು ೩೮ ಕಿಲೋಗ್ರಾಂ ಕರಗುತ್ತಿರಬೇಕು. ಉಗಿಯಂತ್ರ ಎಳೆಯುವ, ದಾರಿಯುದ್ದಕ್ಕೂ ನಿಲ್ದಾಣಗಳಿರುವ ರೈಲುಬಂಡಿಗೆ ಅದು ಹೇಗೋ ಸಾಧ್ಯವಾಯಿತು. ಒಂದು ಕುಟುಂಬ ತನ್ನ ಮೋಟಾರಿಗೆ ಕಟ್ಟಿಕೊಂಡ ಮನೆಗೆ?

ಅಂತಹ ಮನೆ ಮೊದಲು ವಿನೋದವಾಹನವಾಗಿ ಹುಟ್ಟಿದುದು ಇಂಗ್ಲೆಂಡಿನಲ್ಲಿ. ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯನೂ ಗ್ರಂಥಕರ್ತನೂ ಆದವನು ೧೮೮೫ರಲ್ಲಿ ‘ವಾಂಡರರ್’ ಎಂಬ, ಕುದುರೆಗಳು ಎಳೆಯುವ ಸಂಚಾರಿಗೃಹವನ್ನು ಕಟ್ಟಿಸಿಕೊಂಡು ಅದರಲ್ಲಿ ಸಂಚಾರ ಹೊರಟನು. ಅವನ ದೇಶದಲ್ಲಿ ತಂಪಿನ ಚಿಂತೆ ಇರಲಿಲ್ಲ, ಬೆಚ್ಚಗಿರುವುದೇ ಚಿಂತೆ. ಆ ವಿನೋದ ಅಮೆರಿಕಕ್ಕೆ ಹೋಗಿ, ಮೋಟಾರಿನ ಬೆನ್ನು ಹತ್ತಿ, ೧೯೩೦ರ ದಶಕದಲ್ಲಿ ಒಂದು ಹುಚ್ಚಿನಂತೆ ಹಬ್ಬಿತು. ಅಲ್ಲಿ ಬಿಸಿಲಿನ ಪ್ರಶ್ನೆ ತಪ್ಪಿಸಲಾಗದಂತೆ ಎದುರಾಯಿತು.

ಅದಕ್ಕೆ ಮೊದಲು ಉತ್ತರ ಹೇಳಿದವರಲ್ಲಿ ವಾಲಿ ಬೈಯಮ್ ಎಂಬವನ ಹೆಸರು ಪ್ರಸಿದ್ಧ. ೧೯೩೬ರಲ್ಲಿ ಅವನ ‘ಏರ್‌ಸ್ಟ್ರೀಮ್’ ಕಾರ್ಖಾನೆಯಿಂದ ‘ಕ್ಲಿಪ್ಪರ್’ ಎಂಬ ಅಲ್ಯುಮಿನಿಯಮ್ ಟ್ರೈಲರು ಹೊರಬಂದಿತು. ಬೆಲೆ ೧,೨೦೦ ಡಾಲರು, ನಾಲ್ವರು ಮಲಗಬಹುದು, ವಿದ್ಯುದ್ದೀಪವುಂಟು, ನೀರಿನ ಸಂಗ್ರಹವುಂಟು. ಅದರಲ್ಲಿ ಒಣಮಂಜಿನಿಂದ ಗಾಳಿಯನ್ನು ತಣಿಸುವ ಸಲಕರಣೆಯನ್ನೂ ಒದಗಿಸಿದ್ದರು. ಒಣಮಂಜೆಂದರೆ ಘನೀಭವಿಸಿದ ಅಂಗಾರಾಮ್ಲ ವಾಯು. ಅದು ಸೊನ್ನೆಗಿಂತ ೭೮ ಡಿಗ್ರಿ ಕೆಳಗಿದ್ದು, ಕರಗಿ ನೀರಾಗದೆ ನೇರವಾಗಿ ವಾಯುವೇ ಆಗಿಬಿಡುತ್ತದೆ. ನೆಲ ಒದ್ದೆಯಾಗುವ ಗೋಜಿಲ್ಲ. ಆದರೆ ಲೆಕ್ಕ ಇಲ್ಲಿಯೂ ಬಿಡುವುದಿಲ್ಲ. ಒಂದು ಟನ್ನಿನ ಯಂತ್ರದ ಕೆಲಸವನ್ನು ಒಣಮಂಜಿನಿಂದ ಮಾಡಿಸಬೇಕಾದರೆ ಗಂಟೆಗೆ ಹೆಚ್ಚುಕಡಿಮೆ ೨೦ ಕಿಲೋಗ್ರಾಂ ಬೇಕು. ಹಳ್ಳಿಗಾಡಿನ ದಾರಿಯಲ್ಲಿ ಅದನ್ನು ಮಾರುವವರಾರು? ಮೇಲಾಗಿ, ಅದರಿಂದೇಳುವ ವಾಯುವನ್ನು ಹೊರಕ್ಕೆ ಬಿಡದೆ ಮುಚ್ಚಿದ ಮನೆಯಲ್ಲಿ ಇಟ್ಟುಕೊಂಡರೆ ಮಲಗಿದವರು ಮತ್ತೆ ಏಳುವ ಭರವಸೆಯಿಲ್ಲ. ಈ ವಿಧಾನ ಬೇರೂರದೆ ಹೋದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಗಾಲಿಯ ಮನೆಗೆ ತಂಪು ಬೇಕೆಂಬ ಬೇಡಿಕೆ ಕಾರ್ಖಾನೆಯ ಮಟ್ಟದಲ್ಲಿ ಒಪ್ಪಿಗೆಯಾದುದಕ್ಕೆ ಕ್ಲಿಪ್ಪರ್ ಸಾಕ್ಷಿ.

ಅಷ್ಟರಲ್ಲಿ ಬೇರೊಂದು ಮಾರ್ಗ ತೆರೆದಿತ್ತು. ವಿಲಿಸ್ ಕ್ಯಾರಿಯರ್ ೧೯೦೨ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವವನ್ನೂ ಉಷ್ಣವನ್ನೂ ಹತೋಟಿಯಲ್ಲಿಡುವ ಏರ್ಪಾಡನ್ನು ರಚಿಸಿದ್ದನು. ಮನುಷ್ಯರ ಸುಖಕ್ಕಲ್ಲ, ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಕೆಡುತ್ತಿದ್ದುದರಿಂದ. ಈ ಜಾತಿಯ ಯಂತ್ರಗಳಲ್ಲಿ ಒಂದು ದ್ರವ ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಮನೆಯೊಳಗಿನ ಕೊಳವೆಯಲ್ಲಿ ಅದು ಆವಿಯಾಗಿ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಯಂತ್ರ ಒತ್ತಿ ಹೊರಗಿನ ಕೊಳವೆಗೆ ನೂಕಿದಾಗ, ಹೀರಿದ ಶಾಖವನ್ನು ಅಲ್ಲಿ ಬಿಟ್ಟು ಮತ್ತೆ ದ್ರವವಾಗುತ್ತದೆ. ಹೂಜಿಯ ನೀರಿನ ನ್ಯಾಯವೇ ಇದು; ಹೂಜಿಯ ನೀರು ಹೋದರೆ ಹೋಯಿತು, ಇಲ್ಲಿ ಹೋದುದನ್ನು ಬಲವಂತದಿಂದ ಹಿಂದಕ್ಕೆ ಕರೆತರುತ್ತಾರೆ. ಆ ಬಲವಂತಕ್ಕೆ ಶಕ್ತಿ ಬೇಕು. ಮಂಜುಗಡ್ಡೆಯನ್ನು ಹೊರುವ ಹೊರೆ ತಪ್ಪಿ, ಶಕ್ತಿಯನ್ನು ಒದಗಿಸುವ ಹೊರೆ ಬಂದಿತು.

ಬಾಲ್ಟಿಮೋರ್ ಅಂಡ್ ಓಹಾಯೋ ರೈಲ್ವೆಯವರು ೧೯೩೦ರಲ್ಲಿ ‘ಮಾರ್ತಾ ವಾಷಿಂಗ್ಟನ್’ ಎಂಬ ಭೋಜನದ ಡಬ್ಬಿಯನ್ನೂ, ೧೯೩೧ರಲ್ಲಿ ‘ಕೊಲಂಬಿಯನ್’ ಎಂಬ ಇಡೀ ಬಂಡಿಯನ್ನೂ ಇಂತಹ ಯಂತ್ರಗಳಿಂದ ತಣಿಸಿದರು. ಮೋಟಾರುಗಳಲ್ಲಿ ಪ್ಯಾಕರ್ಡ್ ಕಂಪನಿ ೧೯೪೦ರ ಮಾದರಿಗೆ ಮೊದಲು ಈ ಯಂತ್ರವನ್ನು ಅಳವಡಿಸಿತು. ೨೭೪ ಡಾಲರು ಹೆಚ್ಚು ಬೆಲೆ ಕೊಟ್ಟವನ ಸಾಮಾನಿನ ಜಾಗವನ್ನು ಅದು ಬಹುಮಟ್ಟಿಗೆ ನುಂಗುತ್ತಿತ್ತು. ತಂಪು ಸಾಕೆನಿಸಿದರೆ ಇಂಜಿನನ್ನು ನಿಲ್ಲಿಸಿ, ಕೆಳಗಿಳಿದು, ಅದರ ಪಟ್ಟಿಯನ್ನು ಕೈಯಿಂದ ಕಳಚಬೇಕಾಗಿತ್ತು. ಎರಡು ಮೂರು ವರ್ಷಗಳಲ್ಲಿಯೇ ಅದನ್ನು ಕೈಬಿಟ್ಟರು. ಆ ಕಾಲದಲ್ಲಿ ಮರುಭೂಮಿಯನ್ನು ದಾಟುತ್ತಿದ್ದ ಸಾಮಾನ್ಯರು ಕಿಟಕಿಗೆ ತಗಲಿಹಾಕುವ ಒಂದು ಉರುಳೆಯನ್ನು ಕೊಳ್ಳುತ್ತಿದ್ದರು. ಅದರೊಳಗೆ ನೀರು, ಒದ್ದೆಯಾದ ನಾರು. ಮೋಟಾರು ಓಡಿದಂತೆಲ್ಲ ಗಾಳಿ ಅದರ ಮೂಲಕ ಹಾಯ್ದು ಒಳಗೆ ಬರುತ್ತಿತ್ತು. ನಮ್ಮ ಲಾವಂಚದ ತಡಿಕೆಗೂ ಆ ಉರುಳೆಗೂ ತತ್ತ್ವದಲ್ಲಿ ಎಳ್ಳಷ್ಟೂ ಭೇದವಿಲ್ಲ.

ಎರಡನೆಯ ಮಹಾಯುದ್ಧವು ಟ್ರೈಲರಿನ ಸ್ವರೂಪವನ್ನೇ ಬದಲಾಯಿಸಿತು. ಯುದ್ಧಸಾಮಗ್ರಿಯ ಕಾರ್ಖಾನೆಗಳ ಸುತ್ತ ಕೆಲಸಗಾರರಿಗೆ ಮನೆಗಳು ಸಾಲದೆ, ಅಲ್ಲಿಯ ಸರ್ಕಾರವೇ ಸಾವಿರಾರು ಟ್ರೈಲರುಗಳನ್ನು ಕೊಂಡು ವಸತಿಗೆ ಕೊಟ್ಟಿತು. ವಿನೋದಕ್ಕಾಗಿ ಹುಟ್ಟಿದುದು ವಾಸದ ಮನೆಯಾಯಿತು. ಯುದ್ಧ ಮುಗಿದ ಮೇಲೂ ಅನೇಕರಿಗೆ ಹಾಗೆಯೇ ಉಳಿಯಿತು. ೧೯೫೩ರ ವೇಳೆಗೆ ಅಮೆರಿಕದಲ್ಲಿ ಕೋಣೆಗೆ ಹಾಕುವ ಶೈತ್ಯಯಂತ್ರಗಳು ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಗುತ್ತಿದ್ದುವು. ಟ್ರೈಲರಿನವರೂ ಅದನ್ನು ಕಿಟಕಿಯಲ್ಲಿಯೋ ಗೋಡೆಯನ್ನು ಕೊರೆದೋ ಕೂರಿಸಿಕೊಂಡರು. ತರುವಾಯ, ೧೯೬೦ರ ದಶಕದ ಹೊತ್ತಿಗೆ, ಮಾಡಿನ ಮೇಲೆ ಕೂರಿಸುವ ತಗ್ಗಾದ ಯಂತ್ರಗಳು ರೂಢಿಗೆ ಬಂದುವು. ಟ್ರೈಲರಿನ ಮಾಡಿನಲ್ಲಿ ಹೊಗೆಯೂ ಸೆಕೆಯೂ ಹೋಗಲೆಂದು ೧೪ ಅಂಗುಲ ಚೌಕದ ಬೆಳಕಿಂಡಿ ಇರುತ್ತದೆ. ಯಂತ್ರವನ್ನು ಸರಿಯಾಗಿ ಅದೇ ಅಳತೆಗೆ ಮಾಡಿದರು. ಬೆಳಕಿಂಡಿಯ ಮುಚ್ಚಳವನ್ನು ತೆಗೆದು ಯಂತ್ರವನ್ನು ಇಟ್ಟರಾಯಿತು. ಈ ಒಂದು ಅಳತೆಯ ಏಕರೂಪತೆಯೇ ಮುಂದೆ ಎರಡನೆಯ ಯಂತ್ರಕ್ಕೂ ದಾರಿಮಾಡಿತು, ಏಕೆಂದರೆ ಮಲಗುವ ಕೋಣೆಯ ಮೇಲೂ ಅಂತಹುದೇ ಒಂದು ಕಿಂಡಿ ಇರುತ್ತದೆ.

ಎರಡನೆಯದು ಬೇಕಾಗುವುದೇಕೆ? ಮಾಡಿನ ಮೇಲಣ ಯಂತ್ರಗಳು ಸಾಮಾನ್ಯವಾಗಿ ೧೩,೫೦೦ ಅಥವಾ ೧೫,೦೦೦ ಬ್ರಿಟಿಷ್ ಉಷ್ಣಮಾನದವು, ಎಂದರೆ ಒಂದು ಟನ್ನಿಗಿಂತ ಸ್ವಲ್ಪ ಮೇಲು. ನಿಂತ ಮನೆಯ ಒಂದು ಕೋಣೆಗೆ ಅದು ಧಾರಾಳ. ಟ್ರೈಲರಿನ ತೆಳುಗೋಡೆಗೆ, ಒಂಟಿಗಾಜಿನ ಕಿಟಕಿಗೆ, ದಿನವೆಲ್ಲ ಬಿಸಿಲು ಕುಡಿಯುವ ಮಾಡಿಗೆ ಅದು ಸಾಲದು. ಹೊರಗೆ ೪೫ ಡಿಗ್ರಿ ಇರುವಾಗ ಯಂತ್ರ ಬೆಳಗಿನಿಂದ ಎಡೆಬಿಡದೆ ಓಡಿದರೂ ಒಳಗೆ ಮೂವತ್ತರ ಮೇಲೆಯೇ ಇರುವುದು ಅಪರೂಪವಲ್ಲ. ಉದ್ದನೆಯ ಟ್ರೈಲರಿನಲ್ಲಿ ತಂಪು ನಡುಮನೆಯಲ್ಲಿಯೇ ನಿಂತು, ತುದಿಯ ಮಲಗುವ ಕೋಣೆಗೆ ತಲುಪುವುದೂ ಇಲ್ಲ.

ಆದರೆ ಕಿಂಡಿ ಇದೆಯೆಂದು ಯಂತ್ರವನ್ನು ಇಟ್ಟುಬಿಡಲಾಗದು. ಒಂದೊಂದು ಯಂತ್ರ ಸುಮಾರು ೪೦ ಕಿಲೋಗ್ರಾಂ ತೂಗುತ್ತದೆ. ತೆಳುವಾದ ಮಾಡಿನ ತೊಲೆಗಳು ಅದನ್ನು ತಾಳಬೇಕು. ಅದಕ್ಕಿಂತ ದೊಡ್ಡ ತೊಡಕು ವಿದ್ಯುಚ್ಛಕ್ತಿಯದು. ಬಿಡಾರದ ಬಯಲುಗಳಲ್ಲಿ ಸಾಮಾನ್ಯ ಟ್ರೈಲರಿಗೆ ದೊರೆಯುವ ತಂತಿ ೧೨೦ ವೋಲ್ಟಿನಲ್ಲಿ ೩೦ ಆಂಪಿಯರಿನದು, ಎಂದರೆ ಒಟ್ಟು ೩,೬೦೦ ವಾಟು. ಒಂದು ಶೈತ್ಯಯಂತ್ರವೇ ೧೨ರಿಂದ ೧೬ ಆಂಪಿಯರನ್ನು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಅನೇಕ ಪಾಲು ಹೆಚ್ಚು. ಎರಡನ್ನೂ ಓಡಿಸಿ ಅಡಿಗೆಯ ವಿದ್ಯುದೊಲೆಯನ್ನೂ ಹೊತ್ತಿಸಿದರೆ ರಕ್ಷಕ ಕೀಲಿ ಬಿದ್ದುಹೋಗುತ್ತದೆ. ಆದುದರಿಂದ ಎರಡು ಯಂತ್ರವುಳ್ಳ ಟ್ರೈಲರುಗಳಿಗೆ ೫೦ ಆಂಪಿಯರಿನ ಎರಡು ಸಜೀವ ತಂತಿಗಳ ಸಂಪರ್ಕವನ್ನು ಕೊಡುತ್ತಾರೆ. ಅದರಿಂದ ೧೨,೦೦೦ ವಾಟು ದೊರೆಯುತ್ತದೆ. ಹಳೆಯ ಟ್ರೈಲರಿನವರು ಎರಡನೆಯ ಯಂತ್ರಕ್ಕೆ ಬೇರೆಯೇ ತಂತಿಯನ್ನು ಎಳೆಯುವುದುಂಟು. ಹೊರಡುವ ಕ್ಷಣದ ಸೆಳೆತವನ್ನು ತಗ್ಗಿಸುವ ಚಿಕ್ಕ ಉಪಕರಣವನ್ನು ಸೇರಿಸುವುದೂ ಉಂಟು. ನೆಲದ ಮೇಲಿಟ್ಟು ಒಂದೇ ಕೊಳವೆಯನ್ನು ಕಿಟಕಿಗೆ ಚಾಚುವ ಅಗ್ಗದ ಯಂತ್ರವನ್ನು ತಂದವರು ಮಾತ್ರ ಹೆಚ್ಚಾಗಿ ಪಶ್ಚಾತ್ತಾಪ ಪಡುತ್ತಾರೆ. ಅದು ಮನೆಯ ಗಾಳಿಯನ್ನೇ ಹೊರಕ್ಕೆ ಊದುವುದರಿಂದ, ಅಷ್ಟೇ ಬಿಸಿಗಾಳಿ ಸಂದುಗೊಂದುಗಳಿಂದ ಒಳಕ್ಕೆ ನುಗ್ಗುತ್ತದೆ. ತೂತಾದ ಕೊಡಕ್ಕೆ ನೀರು ತುಂಬಿದಂತೆ.

ತಂತಿಯಿಲ್ಲದ ಬಯಲಿನಲ್ಲಿ ಎಣ್ಣೆಯ ಇಂಜಿನಿನಿಂದ ವಿದ್ಯುತ್ತನ್ನು ಮಾಡಬೇಕು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯು ಸೇರಿರುತ್ತದೆ. ರಾತ್ರಿ ತಂಪಿಗಾಗಿ ಇಂಜಿನನ್ನು ಹತ್ತಿರದಲ್ಲಿಯೇ ಓಡಿಸಿ ಮಲಗಿದವರು ಬೆಳಗಾಗುವುದರೊಳಗೆ ಸತ್ತ ಉದಾಹರಣೆಗಳುಂಟು.

ಈ ವಿಷಯ ಹಾಸ್ಯಕ್ಕೆ ಆಸ್ಪದವಲ್ಲವೆಂಬುದಕ್ಕೆ ೨೦೨೩ರ ಬೇಸಗೆ ಸಾಕು. ಅರಿಝೋನಾ ಪ್ರಾಂತದ ಫೀನಿಕ್ಸ್ ಪಟ್ಟಣದಲ್ಲಿ ಆ ವರ್ಷ ಒಂದರ ಮೇಲೊಂದರಂತೆ ೩೧ ದಿನಗಳು ಉಷ್ಣತೆ ೪೩ ಡಿಗ್ರಿಯನ್ನು ಮುಟ್ಟಿತು ಅಥವಾ ಮೀರಿತು. ಅದು ಸೇರಿದ ಮಾರಿಕೋಪಾ ಜಿಲ್ಲೆಯಲ್ಲಿ ಆ ವರ್ಷ ಬಿಸಿಲಿನ ದೆಸೆಯಿಂದ ಸತ್ತವರು ೬೪೫ ಜನರೆಂದು ಅಲ್ಲಿಯ ಆರೋಗ್ಯಾಧಿಕಾರಿಗಳು ಲೆಕ್ಕಹಾಕಿದರು. ಬಹು ಮಂದಿ ಬೀದಿಯಲ್ಲಿ, ನೆಲೆಯಿಲ್ಲದವರು. ಆದರೆ ಆ ಜಿಲ್ಲೆಯಲ್ಲಿ ಮನೆಯೊಳಗೇ ಸತ್ತವರ ವೃತ್ತಾಂತ ವರ್ಷ ವರ್ಷವೂ ಹೆಚ್ಚುಕಡಿಮೆ ಒಂದೇ ಬಗೆಯದು: ಬಹುತೇಕ ಮನೆಗಳಲ್ಲಿ ಶೈತ್ಯಯಂತ್ರವಿರುತ್ತದೆ, ಅದು ಕೆಟ್ಟಿರುತ್ತದೆ ಅಥವಾ ಅದಕ್ಕೆ ವಿದ್ಯುತ್ತಿರುವುದಿಲ್ಲ. ಟ್ರೈಲರುಗಳಲ್ಲಿಯೂ ಅದೇ ಜಾತಿಯ ಹಗುರ ಮನೆಗಳಲ್ಲಿಯೂ ವಾಸಿಸುವವರ ಪಾಲು ಆ ಸಾವುಗಳಲ್ಲಿ ಅವರ ಸಂಖ್ಯೆಗೆ ಮೀರಿದುದು. ಇವರು ವಿನೋದಯಾತ್ರಿಗಳಲ್ಲ. ಬಾಡಿಗೆ ಕೊಡಲಾರದೆ ಹಳೆಯ ಟ್ರೈಲರಿನಲ್ಲಿ ನೆಲೆಸಿದ ವೃದ್ಧರು, ಕೂಲಿಗಾರರು. ಒಂದೇ ಯಂತ್ರವುಳ್ಳ ಗಾಲಿಯ ಮನೆಯಲ್ಲಿ ಅದು ನಿಂತ ಅನಂತರ ಒಳಗಿನ ಶಾಖ ಹೊರಗಿನದನ್ನು ಮೀರಲು ಬಹಳ ಹೊತ್ತು ಬೇಡ. ಅಂತಹವರಿಗೆ ಎರಡನೆಯ ಯಂತ್ರ, ಮೊದಲನೆಯದು ಕೆಟ್ಟ ದಿನ ಪ್ರಾಣವನ್ನು ಹಿಡಿದಿಡುವ ಕೈ. ಅದನ್ನು ಕೊಳ್ಳುವ ಹಣ ಅವರಲ್ಲಿಲ್ಲವೆಂಬುದೇ ವಿಷಾದ.

ಅನುಭವಿಗಳಾದ ಮರುಭೂಮಿಯ ನಿವಾಸಿಗಳು ಯಂತ್ರಕ್ಕಿಂತ ಮುಂಚೆ ನೆರಳನ್ನು ಹುಡುಕುತ್ತಾರೆ. ಕಿಟಕಿಯ ಗಾಜಿಗೆ ಹೊಳೆಯುವ ತಗಡಿನ ಹಾಳೆಯನ್ನು ಅಂಟಿಸುತ್ತಾರೆ. ಮಾಡಿನ ಕಿಂಡಿಗಳಿಗೆ ದಿಂಬನ್ನು ತುರುಕುತ್ತಾರೆ. ಟ್ರೈಲರಿನ ಉದ್ದ ಮಗ್ಗುಲು ಪಶ್ಚಿಮಕ್ಕೆ ಬಾರದಂತೆ ನಿಲ್ಲಿಸುತ್ತಾರೆ. ಒಂದೇ ಕಡೆ ಬಹುಕಾಲ ಇರುವವರು ಅದರ ಮೇಲೆ ಕಂಬ ನೆಟ್ಟು ಬೇರೆಯೇ ಮಾಡೊಂದನ್ನು ಕಟ್ಟಿಸುತ್ತಾರೆ. ಸ್ಪೇನ್ ಭಾಷೆಯಿಂದ ಬಂದ ‘ರಮಾಡಾ’ ಎಂಬ ಹೆಸರು ಅದಕ್ಕೆ. ಕನ್ನಡದಲ್ಲಿ ಹೇಳುವುದಾದರೆ ಚಪ್ಪರ. ಬಿಸಿಲು ಚಪ್ಪರದ ಮೇಲೆ ಬೀಳುತ್ತದೆ, ಎರಡು ಮಾಡುಗಳ ನಡುವೆ ಗಾಳಿ ಆಡುತ್ತದೆ, ಕೆಳಗಿನ ಯಂತ್ರಕ್ಕೆ ಹೊರೆ ಇಳಿಯುತ್ತದೆ. ಚಪ್ಪರ ಹಾಕಿದ ಟ್ರೈಲರು ಸಾಮಾನ್ಯವಾಗಿ ಮತ್ತೆ ರಸ್ತೆಗೆ ಇಳಿಯುವುದಿಲ್ಲ. ಅದರ ಅಚ್ಚಿನ ಕೆಳಗೆ ದಿಮ್ಮಿಗಳನ್ನು ಕೊಟ್ಟು, ಗಾಲಿಗಳಿಗೆ ಬಟ್ಟೆ ಹೊದಿಸಿ ಬಿಟ್ಟಿರುತ್ತಾರೆ.